ಮಾಲೀಕಳ ಹೇಳಿಕೆ

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕಾರ್ಮಿಕ ಇಲಾಖೆಯ ಇಬ್ಬರು ಇನ್‌ಸ್ಪೆಕ್ಟರುಗಳು ಲಾಂಡ್ರಿಯೊಳಗೆ ಕಾಲಿಟ್ಟಾಗ, ಗಿಣಿ ಎಂದು ಮನೆಯವರು ಕರೆಯುತ್ತಿದ್ದ ಕೆಲಸದವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು.

ಅವರು ಗಿಣಿಯನ್ನು ಹುಡುಕಿಕೊಂಡು ಬಂದವರಲ್ಲ. ಆ ಬೀದಿಯ ಅಂಗಡಿಗಳಲ್ಲಿ ಹಾಜರಿ ಪುಸ್ತಕ ಸರಿಯಾಗಿದೆಯೇ ಎಂದು ವರ್ಷಕ್ಕೊಮ್ಮೆ ನೋಡುವ ತಪಾಸಣೆ ಅದು. ಲಾಂಡ್ರಿಯ ಪುಸ್ತಕದಲ್ಲಿ ಎರಡು ಹೆಸರಿದ್ದವು, ಮೇಜಿನ ಹಿಂದೆ ಮೂರು ಜನರಿದ್ದರು. ಕಾರ್ಡು ಕೇಳಿದಾಗ ಗಿಣಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, ಕತ್ತಿನಲ್ಲಿ ನೇತಾಡುತ್ತಿದ್ದದ್ದನ್ನು ತೆಗೆದು ಕೊಟ್ಟಳು. ವಿದೇಶಿ ಕೆಲಸಗಾರ್ತಿ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಲಸ: ಮನೆಯಲ್ಲಿ ಒಬ್ಬ ರೋಗಿಯ ಆರೈಕೆ. ಅದರ ಕೆಳಗೆ ಮಾಲೀಕಳ ಹೆಸರು, ಫೋನ್ ನಂಬರು.

ಮಾಲೀಕಳೆಂದರೆ ಆ ಲಾಂಡ್ರಿಯವನ ಅತ್ತಿಗೆ, ಮನೆಯ ದೊಡ್ಡ ಸೊಸೆ. ಕ್ಲಿನಿಕ್ಕೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಫೋನ್ ಬಂದಾಗ ಒಬ್ಬರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದಳು. ಭುಜ ಎತ್ತಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಕಾರ್ಮಿಕ ಇಲಾಖೆಯಿಂದ. ನಿಮ್ಮ ಮನೆ ಕೆಲಸದವರು ಇಲ್ಲಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಿದಾರೆ. ನೀವು ಕಳಿಸಿದ್ದಾ?"

"ಅಯ್ಯೋ, ಇಲ್ಲ."

"ನಿಮಗೆ ಗೊತ್ತಿತ್ತಾ?"

"ಇಲ್ಲಪ್ಪ, ನಂಗೇನೂ ಗೊತ್ತಿಲ್ಲ."

"ಸರಿ. ಬರ್ಕೊಂಡಿದೀನಿ."

ಅಷ್ಟೇ ಮಾತು. ನರ ಸಿಕ್ಕಿದ್ದು ಮೂರನೇ ಸಲ ಚುಚ್ಚಿದಾಗ.

ಗೊತ್ತಿಲ್ಲದೆ ಏನು, ಎಲ್ಲಾ ಗೊತ್ತಿತ್ತು. ಮೂರು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿ ಉಳಿದಿತ್ತು. ಊರಿನಲ್ಲಿ ಯಾರೂ ಈ ಕೆಲಸಕ್ಕೆ ನಿಲ್ಲಲಿಲ್ಲ. ನಿಂತ ಇಬ್ಬರು ಹತ್ತು ದಿನದೊಳಗೆ ಕೈಮುಗಿದು ಹೋದರು. ಆಮೇಲೆ ಏಜೆನ್ಸಿಯ ಮೂಲಕ ಹೊರದೇಶದಿಂದ ಕರೆಸಿಕೊಂಡರು. ಕರೆಸಿಕೊಳ್ಳುವವರಿಗೆ ಖಾಯಂ ಸಂಬಳದ ಚೀಟಿ ಇರಬೇಕೆಂದು ನಿಯಮ. ಗಂಡನದು ಲಿಫ್ಟ್ ರಿಪೇರಿ. ಈ ತಿಂಗಳು ಮೂರು ಕಟ್ಟಡ, ಮುಂದಿನ ತಿಂಗಳು ಒಂದೂ ಇಲ್ಲ. ಹಾಗಾಗಿ ಕರಾರಿನಲ್ಲಿ ಅವಳೇ ಮಾಲೀಕಳಾದಳು. ಹನ್ನೊಂದು ಪುಟಕ್ಕೂ ಸಹಿ ಹಾಕಿದಳು. ಓದಿದ್ದು ಮೊದಲನೇ ಪುಟ ಮತ್ತು ಕೊನೇ ಪುಟ.

ಬಂದವಳಿಗೆ ನಲವತ್ತೊಂದು ವರ್ಷ. ಅಗಲ ಭುಜ, ದೊಡ್ಡ ನಗು. ಕರಾರಿನಲ್ಲಿ ಅವಳ ಹೆಸರು ನಾಲ್ಕು ತುಂಡಾಗಿತ್ತು. ಅತ್ತೆಯ ನಾಲಿಗೆಗೆ ಒಂದು ತುಂಡೂ ಹೊರಳಲಿಲ್ಲ. "ನಾನು ಏನಂದ್ರೂ ಹಾಗೇ ತಿರುಗಿಸಿ ಹೇಳ್ತಾಳೆ. ಗಿಣಿ ಕಣೇ ಇವಳು" ಎಂದರು ಅತ್ತೆ. ಅದೇ ನಿಂತಿತು. ಆರು ತಿಂಗಳಲ್ಲಿ ಗಿಣಿಗೆ ಮಾತು ಬಂತು. ಬಂದದ್ದು ಎಪ್ಪತ್ತೆಂಟು ವರ್ಷದ ಮುದುಕಿಯ ಮಾತು. ನೆಲ ಒರೆಸಿ ಏಳುವಾಗ "ಅಯ್ಯೋ, ಈ ಮಂಡಿ ನನ್ನ ಪ್ರಾಣ ತಿನ್ನೋಕೇ ಹುಟ್ಟಿದೆ" ಎನ್ನುವಳು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸೊಸೇ, ಚಹಾ ಆಯ್ತೇನೇ, ಇಲ್ಲಾ ಇನ್ನೂ ಒಲೆ ಜೊತೆ ಹರಟ್ತಾ ಇದೀಯೋ?" ಎಂದು ದೊಡ್ಡ ಸೊಸೆಯನ್ನು ಕೇಳಿದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ 'ಅಕ್ಕ' ಎಂದು ಕರೆಯಲು ಹೇಳಿಕೊಟ್ಟರು.

ಮನೆಯಲ್ಲಿ ಒಂದು ಏರ್ಪಾಡಿತ್ತು. ತಾಯಿ ಎರಡು ತಿಂಗಳು ದೊಡ್ಡ ಮಗನ ಮನೆಯಲ್ಲಿ, ಎರಡು ತಿಂಗಳು ಚಿಕ್ಕ ಮಗನ ಮನೆಯಲ್ಲಿ. ಮಾವ ತೀರಿಕೊಂಡ ವರ್ಷದಿಂದ ಅದು ಹಾಗೇ ನಡೆದಿತ್ತು, ಒಬ್ಬರ ಮೇಲೇ ಭಾರ ಬೀಳಬಾರದೆಂದು. ಹೋಗುವಾಗ ತಾಯಿಯ ಜೊತೆಗೆ ಗಾಲಿಕುರ್ಚಿ, ಗಾಳಿಹಾಸಿಗೆ, ಔಷಧಿಯ ಡಬ್ಬಿ, ಗಿಣಿ. ಗಾಲಿಕುರ್ಚಿಗೆ ಯಾರ ಅನುಮತಿಯನ್ನೂ ಕೇಳಿರಲಿಲ್ಲ, ಗಿಣಿಗೂ ಕೇಳಲಿಲ್ಲ.

ಚಿಕ್ಕ ಮಗನ ಮನೆ ಲಾಂಡ್ರಿಯ ಮಹಡಿಯ ಮೇಲೆ. ಊಟ ಮಾಡಿ ಒಂದಕ್ಕೆ ಮಲಗಿದರೆ ಅತ್ತೆ ಏಳುವುದು ಮೂರಕ್ಕೆ. ಆ ಎರಡು ಗಂಟೆ ಗಿಣಿ ಕಿಟಕಿಯಲ್ಲಿ ಕೂತಿರುವುದನ್ನು ನೋಡಿ ಓರಗಿತ್ತಿ, "ಒಬ್ಬಳೇ ಕೂತು ಏನ್ ಮಾಡ್ತೀಯೇ, ಕೆಳಗೆ ಬಾ, ಮಾತಾಡ್ಕೊಂಡು ನಾಲ್ಕು ಬಟ್ಟೆ ಉಜ್ಜೋಣ" ಎಂದು ಕರೆದಳು. ನಾಲ್ಕು ಬಟ್ಟೆ ನಲವತ್ತಾಯಿತು. ದೊಡ್ಡ ಸೊಸೆಯ ಕ್ಲಿನಿಕ್ಕಿನ ಬಿಳಿ ಕೋಟುಗಳೂ ಅಲ್ಲಿಗೇ ಹೋಗಿ, ಕಾಗದದಂತೆ ಗರಿಗರಿಯಾಗಿ ಬರುತ್ತಿದ್ದವು. "ಯಾರ ಕೈ ಇದು, ಇಷ್ಟು ನೀಟು?" ಎಂದು ಅವಳು ಕೇಳಿದ್ದಳು. "ನಿನ್ನ ಗಿಣೀದು" ಎಂದು ಓರಗಿತ್ತಿ ಹೇಳಿದ್ದಳು.

ಮಂಗಳವಾರ ಸಂಜೆಯೇ ಟ್ಯಾಕ್ಸಿ ಮಾಡಿ ಅತ್ತೆಯನ್ನು ವಾಪಸು ಕರೆತಂದರು. ಮೈದುನ, ಓರಗಿತ್ತಿ ಇಬ್ಬರೂ ಬಂದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಳಿದಿದ್ದ ಆಲೂಗಡ್ಡೆ ಪಲ್ಯ ಮೇಜಿನ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ. ಒಳಕೋಣೆಯಲ್ಲಿ ಗಿಣಿ ಅತ್ತೆಗೆ ಉಣಿಸುತ್ತಿದ್ದ ಚಮಚದ ಸದ್ದು ಕೇಳುತ್ತಿತ್ತು.

"ಅತ್ತಿಗೆ, ನೀವು ಗೊತ್ತಿಲ್ಲ ಅಂದಿದ್ದು ಒಳ್ಳೇದೇ ಆಯ್ತು ಬಿಡಿ" ಎಂದ ಮೈದುನ. "ಅವಳೇ ಕೆಳಗಿಳಿದು ಬಂದ್ಳು ಅಂತ ನಾವೂ ಹೇಳಿದೀವಿ. ಎರಡೂ ಒಂದಕ್ಕೊಂದು ಹೊಂದ್ಕೊಳ್ಳುತ್ತೆ."

"ಏನ್ ಹೊಂದ್ಕೊಳ್ಳುತ್ತೆ ಚಿಕ್ಕಪ್ಪ?" ಎಂದಳು ದೊಡ್ಡ ಸೊಸೆಯ ಮಗಳು. ಕಾಲೇಜಿನ ಮೊದಲ ವರ್ಷ. ಎದುರುತ್ತರಕ್ಕೆ ಅಜ್ಜಿಯೇ ಗುರು. ಬೀರುವಿನಲ್ಲಿ ಎಕ್ಸ್‌ರೇಗಳ ಜೊತೆ ಇಟ್ಟಿದ್ದ ಕರಾರನ್ನು ತೆಗೆದು ಮೊಣಕಾಲ ಮೇಲೆ ಹರಡಿಕೊಂಡಿದ್ದಳು. "ನಾಲ್ಕನೇ ಕಲಂ, ಕೆಲಸದ ಜಾಗ ಈ ವಿಳಾಸ ಮಾತ್ರ. ಐದನೇದು, ರೋಗಿಯ ಆರೈಕೆ ಮತ್ತು ಅದಕ್ಕೆ ಸಂಬಂಧಪಟ್ಟ ಮನೆಗೆಲಸ ಮಾತ್ರ. ಅಂಗಡಿ, ಹೋಟೆಲು, ಕಾರ್ಖಾನೆ ಕೂಡದು. ಎರಡೂವರೆ ವರ್ಷ ಯಾರೂ ಓದಿಲ್ವಾ ಇದನ್ನ?"

"ನಿಮ್ಮಮ್ಮ ಸಹಿ ಹಾಕಿದ್ದು, ಅವಳನ್ನ ಕೇಳು" ಎಂದ ಗಂಡ.

"ಇನ್ನೂ ಕೇಳಿ. ಮಾಲೀಕರಿಗೆ ಗೊತ್ತಿದ್ದೇ ಆದದ್ದಾದ್ರೆ ತಪ್ಪು ಮಾಲೀಕರದು. ಮೂರು ವರ್ಷ ಅವರು ಯಾರನ್ನೂ ಕರೆಸ್ಕೊಳ್ಳೋ ಹಾಗಿಲ್ಲ, ಕೆಲಸದವಳು ಬೇರೆ ಮನೆಗೆ ಹೋಗಬಹುದು. ಗೊತ್ತಿಲ್ಲದೆ ಆದದ್ದಾದ್ರೆ ತಪ್ಪು ಅವಳದು. ಹತ್ತು ದಿನದಲ್ಲಿ ದೇಶ ಬಿಡ್ಬೇಕು. ಮತ್ತೆ ಬರೋ ಹಾಗಿಲ್ಲ."

ಓರಗಿತ್ತಿ ಮೊಟ್ಟೆಯ ಸಿಪ್ಪೆ ಬಿಡಿಸತೊಡಗಿದಳು, ತಿನ್ನಲಿಕ್ಕಲ್ಲ.

"ಹಾಗಾದ್ರೆ ಅಮ್ಮ ಫೋನಲ್ಲಿ ಹೇಳಿದ್ದು ಸುಳ್ಳಲ್ವಾ?"

"ಗಾಬರೀಲಿ ಹೇಳ್ದೆ ಕಣೇ" ಎಂದಳು ದೊಡ್ಡ ಸೊಸೆ. "ಕೈಯಲ್ಲಿ ಸೂಜಿ ಇತ್ತು."

ಶುಕ್ರವಾರ ನೋಟಿಸು ಬಂತು. ವಿಚಾರಣೆ ಮೂರು ವಾರಕ್ಕೆ, ಸೋಮವಾರ ಮಧ್ಯಾಹ್ನ ಎರಡೂವರೆಗೆ, ಹದಿನೇಳನೇ ನಂಬರಿನ ಕೋಣೆ. ಅಲ್ಲಿಯವರೆಗೆ ಕೆಲಸಗಾರ್ತಿ ಮಾಲೀಕರ ಮನೆಯಲ್ಲೇ ಇರಬೇಕು. ಊಟ ವಸತಿ ಮಾಲೀಕರದು. ಆಕೆಯಿಂದ ಯಾವ ಕೆಲಸವನ್ನೂ ಮಾಡಿಸಕೂಡದು, ಯಾವಾಗ ಬೇಕಾದರೂ ಬಂದು ನೋಡಲಾಗುವುದು.

ಅತ್ತೆಗೆ ಮೊಮ್ಮಗಳು ಓದಿ ಹೇಳಿದಳು. ಅತ್ತೆ ಎರಡು ಸಲ ಕೇಳಿಸಿಕೊಂಡರು.

"ಅಂದ್ರೆ ಇವಳು ಈಗ ನೆಂಟಳು."

"ಹೂಂ ಅಜ್ಜಿ."

"ಏನೇ ಸೊಸೆ, ನೆಂಟರಿಗೆ ಚಹಾ ಕೊಡಲ್ವೇನೇ ನಿಮ್ಮನೇಲಿ?"

ಗಿಣಿ ನಕ್ಕಳು. ದೊಡ್ಡ ಸೊಸೆ ಚಹಾ ಮಾಡಿ ತಂದಳು. ಎರಡೂವರೆ ವರ್ಷದಲ್ಲಿ ಗಿಣಿ ಆ ಮನೆಯ ಮೇಜಿನ ಮುಂದೆ ಕೂತು ಚಹಾ ಕುಡಿದದ್ದು ಅವತ್ತೇ. ಅದುವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಹಾಗೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಕೆಲಸ ದೊಡ್ಡ ಸೊಸೆಯ ಕೈಗೆ ಬಂತು. ಕ್ಲಿನಿಕ್ಕಿಗೆ ರಜೆ ಹಾಕಿದಳು. ಮೂರು ವಾರಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದರು ಅಲ್ಲಿ. ಇದುವರೆಗೆ ಸಾವಿರಾರು ತೋಳು ನೋಡಿದವಳಿಗೆ ಒಂದು ಮೈಯನ್ನು ಎತ್ತಲು ಬರುತ್ತಿರಲಿಲ್ಲ. ಗಿಣಿ ಎದುರಿನ ಕುರ್ಚಿಯಲ್ಲಿ, ಎರಡೂ ಅಂಗೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತು, ಬಾಯಲ್ಲಿ ಕಲಿಸಿದಳು.

"ಕಾಲು ಅಗಲ ಮಾಡು ಅಕ್ಕ. ಬೆನ್ನಲ್ಲಿ ಎತ್ತಬೇಡ, ಮಂಡೀಲಿ ಎತ್ತು. ಅಜ್ಜಿ ಎಡಗೈ ನಿನ್ನ ಕತ್ತಿಗೆ ಹಾಕ್ಕೋ. ಹಾಂ. ಈಗ ನೀನು ಎಣಿಸು, ಅಜ್ಜಿ ಮೂರಕ್ಕೆ ಏಳ್ತಾಳೆ."

"ಒಂದು, ಎರಡು..."

"ನಿಲ್ಲೇ! ನನ್ನನ್ನೇನು ಮೂಟೆ ಅಂದ್ಕೊಂಡ್ಯಾ?" ಎಂದರು ಅತ್ತೆ.

"ಮೂಟೆ ಆದ್ರೆ ಸುಮ್ನಿರ್ತಿತ್ತು ಅಜ್ಜಿ" ಎಂದಳು ಗಿಣಿ.

ಅತ್ತೆ ನಗುತ್ತ ಜೋತುಬಿದ್ದರು. ದೊಡ್ಡ ಸೊಸೆಯ ಸೊಂಟ ಹಿಡಿಯಿತು. ಇಬ್ಬರೂ ಮಂಚದ ಅಂಚಿಗೆ ಕುಸಿದಾಗ ಗಿಣಿಯ ಕೈಗಳು ತೊಡೆಯ ಕೆಳಗಿನಿಂದ ತಾವಾಗಿ ಹೊರಗೆ ಬಂದವು. ಅದೇ ಹೊತ್ತಿಗೆ ಕೆಳಗೆ ಯಾರೋ ಗೇಟು ತೆರೆದರು. ಗಿಣಿ ಕೈಯನ್ನು ಮತ್ತೆ ಒಳಗೆ ಸೇರಿಸಿಕೊಂಡಳು. ಬಂದವನು ಹಾಲಿನವನು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅನ್ನವನ್ನು ಚಮಚದ ಹಿಂಭಾಗದಿಂದ ಒತ್ತಿ ಎಡದವಡೆಗೆ ಕೊಡಬೇಕು. ನುಂಗಿದ ಮೇಲೆ ಗಂಟಲು ನೋಡಿಯೇ ಮುಂದಿನ ತುತ್ತು. ಹಿಮ್ಮಡಿಯ ಚರ್ಮ ಕೆಂಪಾದರೆ ಅಂದೇ ಎಣ್ಣೆ ಹಚ್ಚಬೇಕು, ನಾಳೆ ಎನ್ನಕೂಡದು. ಎಲ್ಲವನ್ನೂ ಮಗಳು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಳು. "ಇದು ಕರಾರಲ್ಲಿ ಒಂದು ಸಾಲು ಇತ್ತು ಅಮ್ಮ. 'ಆರೈಕೆ' ಅಂತ. ಗಿಣಿ ಆಂಟಿ ಹೇಳಿದ್ದು ಆಗಲೇ ಹತ್ತೊಂಬತ್ತು ಪುಟ ಆಯ್ತು."

ಎರಡನೇ ವಾರದ ಒಂದು ಬೆಳಿಗ್ಗೆ ದೊಡ್ಡ ಸೊಸೆ ಬಟಾಣಿ ಬಿಡಿಸುತ್ತಿದ್ದಳು. ಗಿಣಿ ಎದುರು ಬಂದು ಕೂತು, ಗೇಟಿನ ಕಡೆ ಒಮ್ಮೆ ನೋಡಿ, ತಾನೂ ಒಂದು ಹಿಡಿ ಎತ್ತಿಕೊಂಡಳು.

"ಅಕ್ಕ, ಅಲ್ಲಿ ಏನು ಹೇಳ್ತೀಯ?"

"ನಿಜಾನೇ ಹೇಳ್ತೀನಿ."

"ನಿಜ ಹೇಳಿದ್ರೆ ನಂಗೆ ಬೇರೆ ಮನೆ ಸಿಗುತ್ತೆ. ಅಜ್ಜಿಗೆ ಮೂರು ವರ್ಷ ಯಾರೂ ಸಿಗಲ್ಲ."

"ಅದು ನಾವು ನೋಡ್ಕೋತೀವಿ. ನಿನ್ನ ತಲೆಗೆ ಯಾಕೆ ಹಚ್ಕೋತೀಯ?"

"ಹಚ್ಕೊಂಡಿಲ್ಲ. ನನ್ನ ಮಗಳು ಟೀಚರ್ ಓದ್ತಿದಾಳೆ. ಹಾಸ್ಟೆಲ್ಲು. ಇನ್ನೂ ಎರಡು ವರ್ಷ ಇದೆ. ನನ್ನ ಕಾರ್ಡಿಗೆ ಕೆಟ್ಟ ಮುದ್ರೆ ಬಿದ್ರೆ ಏಜೆನ್ಸಿಯವರು ಬೇರೆ ದೇಶಕ್ಕೂ ಕಳಿಸಲ್ಲ. ಅವಳು ಹಾಸ್ಟೆಲ್ ಬಿಟ್ಟು ಮನೆಗೆ ಬರ್ತಾಳೆ." ಒಂದು ಬಟಾಣಿ ಜಾರಿ ಉರುಳಿತು, ಎತ್ತಿ ಪಾತ್ರೆಗೆ ಹಾಕಿದಳು. "ಬೇಡ್ಕೋತಾ ಇಲ್ಲ ಅಕ್ಕ. ಹೇಳ್ತಾ ಇದೀನಿ, ಅಷ್ಟೇ."

"ಗೊತ್ತು ಕಣೇ. ಹೇಳ್ತೀನಿ ಅಂದ್ನಲ್ಲ."

ಅವಳು ಹಾಗೆಂದದ್ದು ಮನಸ್ಸಿನಿಂದಲೇ. ಆ ಮಾತನ್ನೇ ತನ್ನ ಮಗಳಿಗೂ ಕೊಟ್ಟಳು. ಮಗಳು, "ಮತ್ತೆ ಗಾಬರಿ ಆಯ್ತು ಅನ್ಬೇಡ" ಎಂದಳು.

ಭಾನುವಾರದ ಊಟಕ್ಕೆ ಮೈದುನ ಬಂದ. ಲಾಂಡ್ರಿಯ ಲೈಸೆನ್ಸನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿದಿದ್ದರು. ಶಟರು ಎಳೆದಾಗಿತ್ತು. ಒಗೆಯಲು ಕೊಟ್ಟವರೆಲ್ಲ ಮನೆಗೇ ಬಂದು ಬಟ್ಟೆ ಕೇಳುತ್ತಿದ್ದರು.

"ಗೊತ್ತಿದ್ದೇ ಮಾಡಿಸಿದ್ದು ಅಂದ್ರೆ ಅಂಗಡಿ ಹೋಯ್ತು ಅತ್ತಿಗೆ. ನಿಮ್ಮ ನ್ಯಾಯಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

"ನಿಮ್ಮ ಅಂಗಡಿಗೆ ಅವಳನ್ನ ಇಳಿಸಿದ್ದು ನಾನಾ?"

"ಕೋಟು ಇಸ್ತ್ರಿ ಮಾಡಿಸ್ಕೊಂಡಿದ್ದು ಯಾರು, ಅಕ್ಕ?" ಎಂದಳು ಓರಗಿತ್ತಿ.

ಗಂಡ ತಟ್ಟೆಯ ಅಂಚಿಗೆ ಅನ್ನ ಸರಿಸಿದ. "ಒಂದೇ ಮಾತು ಕೇಳ್ತೀನಿ. ಮೂರು ವರ್ಷ ಅಮ್ಮನ್ನ ಎತ್ತೋರು ಯಾರು? ನಾನು ಕೆಲಸ ಬಿಡ್ಲಾ, ನೀನು ಬಿಡ್ತೀಯಾ?"

"ನೀವಿಬ್ರೂ ಮಕ್ಕಳಲ್ವಾ? ಸರದಿ ಹಾಕ್ಕೊಂಡು ಎತ್ತಿ" ಎಂದಳು ಮಗಳು.

"ನೀನು ಸುಮ್ನಿರು, ದೊಡ್ಡೋರ ಮಾತಲ್ಲಿ."

"ದೊಡ್ಡೋರು ಮಾತಾಡ್ತಿಲ್ಲ ಅಪ್ಪ, ತಪ್ಪಿಸ್ಕೋತಿದೀರ."

ಒಳಕೋಣೆಯಿಂದ ಅತ್ತೆಯ ದನಿ ಬಂತು: "ನಾನು ಕಳಿಸಿದ್ದು ಅಂತ ಬರೆಸಿ! ನಂಗೇನು ಮಾಡ್ತಾರೆ? ಜೈಲಿಗೆ ಹಾಕ್ಲಿ, ಅಲ್ಲಾದ್ರೂ ಹೊತ್ತಿಗೆ ಸರಿಯಾಗಿ ಮಗ್ಗುಲು ತಿರುಗಿಸ್ತಾರೆ!"

ಕರಾರಿನಲ್ಲಿ ಅತ್ತೆ ರೋಗಿ. ರೋಗಿಯ ಹೇಳಿಕೆಗೆ ಅಲ್ಲಿ ಜಾಗವಿರಲಿಲ್ಲ.

ವಿಚಾರಣೆಯ ದಿನ ಅತ್ತೆಯನ್ನು ಮೊಮ್ಮಗಳಿಗೆ ಒಪ್ಪಿಸಿ ದೊಡ್ಡ ಸೊಸೆ, ಗಿಣಿ ಇಬ್ಬರೂ ಬಸ್ಸಿನಲ್ಲಿ ಹೋದರು. ಒಂದೇ ಸೀಟಿನಲ್ಲಿ ಕೂತರು. ಗಿಣಿ ತಲೆಗೆ ನೀರು ಹಾಕಿಕೊಂಡು, ಬಂದ ದಿನ ಹಾಕಿಕೊಂಡಿದ್ದ ನೀಲಿ ಅಂಗಿಯನ್ನೇ ಹಾಕಿಕೊಂಡಿದ್ದಳು. ಅದು ಈಗ ಭುಜದಲ್ಲಿ ಬಿಗಿಯಾಗಿತ್ತು.

"ಎತ್ತಿ ಎತ್ತಿ ಹೀಗಾಗಿದೆ" ಎಂದು ಭುಜ ಮುಟ್ಟಿ ತೋರಿಸಿದಳು. ಇಬ್ಬರೂ ನಕ್ಕರು.

ಹದಿನೇಳನೇ ಕೋಣೆಯಲ್ಲಿ ಒಬ್ಬ ಅಧಿಕಾರಿಣಿ, ಒಬ್ಬ ಬೆರಳಚ್ಚುಗಾರ, ಗಿಣಿಯ ಭಾಷೆ ಬಲ್ಲ ಒಬ್ಬ ಯುವಕ ಇದ್ದರು. ಅಧಿಕಾರಿಣಿಗೆ ನೆಗಡಿಯಾಗಿತ್ತು. ಮಾತು ಒರಟಲ್ಲ, ಮೆದುವೂ ಅಲ್ಲ. ಬಾಗಿಲ ಹೊರಗೆ ಇನ್ನೂ ಆರು ಜೊತೆ ಜನ ಕಾಯುತ್ತಿದ್ದರು. ಅಧಿಕಾರಿಣಿ ಫೈಲು ತೆರೆದು ಓದಿದರು.

"ತಪಾಸಣೆ ದಿನ, ಎರಡು ಗಂಟೆ ಹದಿನಾಲ್ಕು ನಿಮಿಷ, ಫೋನಿನಲ್ಲಿ ಮಾಲೀಕರ ಹೇಳಿಕೆ. 'ನಾನು ಕಳಿಸಿಲ್ಲ, ನನಗೆ ಗೊತ್ತಿಲ್ಲ.' ಇದು ನಿಮ್ಮ ಹೇಳಿಕೆ ತಾನೇ?"

ದೊಡ್ಡ ಸೊಸೆ ಮೂರು ವಾರದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಬೇರೊಂದು ಪ್ರಶ್ನೆಗೆ ಉತ್ತರವಾಗಿತ್ತು. ನಿಮಗೆ ಗೊತ್ತಿತ್ತೇ ಎಂದು ಕೇಳುತ್ತಾರೆ, ಗೊತ್ತಿತ್ತು ಎನ್ನುತ್ತೇನೆ ಎಂದುಕೊಂಡಿದ್ದಳು. ಕೇಳಿದ್ದು, ಇದು ನಿಮ್ಮ ಹೇಳಿಕೆಯೇ ಎಂದು.

"ಹೌದು" ಎಂದಳು.

ಬೆರಳಚ್ಚುಗಾರನ ಬೆರಳು ಓಡಿದವು. ಅಧಿಕಾರಿಣಿ ಗಿಣಿಯ ಕಡೆ ತಿರುಗಿದರು. ಯುವಕ ಅನುವಾದಿಸಲು ಬಾಯಿ ತೆರೆದ. ಗಿಣಿ ಕೈ ಅಡ್ಡ ಹಿಡಿದಳು.

"ನಂಗೆ ಮಾತು ಬರುತ್ತೆ. ಅಕ್ಕಂಗೆ ಗೊತ್ತಿತ್ತು. ಎರಡು ತಿಂಗಳಿಗೊಂದು ಸಲ ಅಜ್ಜಿ ಹೋಗ್ತಾಳೆ, ನಾನೂ ಹೋಗ್ತೀನಿ. ಅಜ್ಜಿ ಮಲಗಿದಾಗ ಇಸ್ತ್ರಿ. ಅಕ್ಕನ ಬಿಳಿ ಕೋಟು ನಾನೇ ಮಾಡ್ತಿದ್ದೆ. ಒಂದಕ್ಕೆ ಎಡ ಜೇಬು ಹರಿದಿತ್ತು, ಹೊಲಿದೂ ಕೊಟ್ಟೆ."

ಅಧಿಕಾರಿಣಿ ಮೂಗು ಒರೆಸಿಕೊಂಡರು. "ಇದಕ್ಕೆ ಕಾಗದ ಏನಾದ್ರೂ ಇದೆಯಾ? ಮೆಸೇಜು, ಫೋಟೋ?"

"ಅಕ್ಕ ಇಲ್ಲೇ ಇದಾಳಲ್ಲ."

ಅಧಿಕಾರಿಣಿ ದೊಡ್ಡ ಸೊಸೆಯನ್ನು ನೋಡಿದರು. ಗಿಣಿಯೂ ನೋಡಿದಳು. ದೊಡ್ಡ ಸೊಸೆಗೆ ಗಂಡನ ಪ್ರಶ್ನೆ ನೆನಪಿಗೆ ಬಂತು, ಶಟರು ಎಳೆದ ಅಂಗಡಿ ನೆನಪಿಗೆ ಬಂತು. ಮೊದಲು ಸುಳ್ಳು ಹೇಳಿದಿರಾ ಎಂದು ಈಗ ಕೇಳುತ್ತಾರೆ ಎನ್ನುವುದೂ ಹೊಳೆಯಿತು.

"ನನ್ನ ಹೇಳಿಕೆ ನಿಮ್ಮ ಹತ್ರ ಇದೆಯಲ್ಲ ಮೇಡಂ" ಎಂದಳು.

"ಅಂದ್ರೆ ಅದನ್ನ ಬದಲಾಯಿಸೋದಿಲ್ಲ?"

ಅವಳು ತಲೆಯನ್ನು ಇಲ್ಲ ಎಂಬಂತೆ ಆಡಿಸಿದಳು. ಬೆರಳಚ್ಚುಗಾರ ಅದನ್ನೂ ಬರೆದುಕೊಂಡ. ಎರಡು ಕಡೆ ಸಹಿ. ಒಟ್ಟು ಏಳು ನಿಮಿಷ ಹಿಡಿಯಿತು.

ಇನ್ನೇನಾದರೂ ಹೇಳುವುದಿದೆಯೇ ಎಂದು ಅಧಿಕಾರಿಣಿ ಕೇಳಿದಾಗ ಗಿಣಿ ಗೋಡೆಯ ಗಡಿಯಾರ ನೋಡಿದಳು. "ಮೂರು ಗಂಟೆಗೆ ಅಜ್ಜೀನ ಎಬ್ಬಿಸ್ಬೇಕು. ಆ ಮಗು ಒಬ್ಬಳೇ ಇದಾಳೆ. ನಾವು ಹೋಗಬಹುದಾ?"

ವಾಪಸು ಬಸ್ಸಿನಲ್ಲಿ ಸೀಟು ಖಾಲಿಯಿದ್ದವು. ಗಿಣಿ ಮುಂದಿನ ಸೀಟಿನಲ್ಲಿ ಕೂತಳು.

ಮನೆಯಲ್ಲಿ ಮಗಳು ಅಜ್ಜಿಯನ್ನು ಅರ್ಧ ತಿರುಗಿಸಿ, ದಿಂಬು ಸಿಗದೆ ಒದ್ದಾಡುತ್ತಿದ್ದಳು. ಗಿಣಿ ಚಪ್ಪಲಿ ಬಿಟ್ಟವಳೇ ನೇರವಾಗಿ ಹೋಗಿ, ಒಂದೇ ಸಲಕ್ಕೆ ಎತ್ತಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಕೂಡದು ಎಂದು ಈಗ ಯಾರೂ ಹೇಳಲಿಲ್ಲ.

"ಏನಾಯ್ತು?" ಎಂದರು ಅತ್ತೆ.

ಗಿಣಿ ಹೊದಿಕೆ ಸರಿಮಾಡಿದಳು. ಅತ್ತೆ ಸೊಸೆಯ ಕಡೆ ತಿರುಗಿದರು. "ಏನಂದೆ ಅಲ್ಲಿ?"

"ಅತ್ತೆ, ಅವರು ಕೇಳಿದ್ದೇ ಬೇರೆ ಥರ..."

"ಏನಂದೆ ಅಂತ ಕೇಳ್ದೆ."

"ಮೊದಲು ಹೇಳಿದ್ದನ್ನೇ ಅಂದೆ."

ಮಗಳು ನೋಟುಪುಸ್ತಕವನ್ನು ಮುಚ್ಚಿ ಹೊರಗೆ ಹೋದಳು. ಅತ್ತೆ ಸೊಸೆಯ ಮುಖ ನೋಡಿದರು. ಬೈಯಲಿಲ್ಲ. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ಮನೆಯಲ್ಲಿದ್ದೂ ಬೈಗುಳವಿಲ್ಲದ ಸಂಜೆ ಅವಳಿಗೆ ಅದೇ ಮೊದಲು. ಆ ಸಂಜೆಯಿಂದ ಅತ್ತೆ ಅವಳೊಡನೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ.

ಗಂಡ ಕೆಲಸದಿಂದ ಬಂದು ವಿಷಯ ಕೇಳಿ, "ಆದದ್ದು ಆಯ್ತು. ಬೇರೆಯವರಿಗೆ ಅರ್ಜಿ ಹಾಕೋಣ" ಎಂದ. ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಅಲ್ಲೇ ನಿಂತಿದ್ದ. ಬುಧವಾರ ಆದೇಶ ಬಂತು: ತಪ್ಪು ಕೆಲಸಗಾರ್ತಿಯದು, ಹತ್ತು ದಿನದಲ್ಲಿ ದೇಶ ಬಿಡಬೇಕು. ಲಾಂಡ್ರಿಯ ಶಟರು ಗುರುವಾರ ಎದ್ದಿತು. ಓರಗಿತ್ತಿ ಒಂದು ಹೊಸ ಶಾಲು ತಂದು ಗಿಣಿಗೆ ಕೊಟ್ಟಳು. ಗಿಣಿ ಅದನ್ನು ಅಜ್ಜಿಗೆ ಹೊದಿಸಿದಳು.

ಆ ಹತ್ತು ದಿನ ಗಿಣಿ ಹಿಂದಿನಂತೆಯೇ ಎಲ್ಲ ಕೆಲಸ ಮಾಡಿದಳು. ದೊಡ್ಡ ಸೊಸೆ ಕ್ಲಿನಿಕ್ಕಿಗೆ ಹೋಗಿ ಬಂದಳು. ಗಿಣಿ ಊಟವನ್ನು ಮತ್ತೆ ಅಡುಗೆಮನೆಯ ಸ್ಟೂಲಿಗೆ ಒಯ್ದಳು. ಮೇಜಿಗೆ ಬಾ ಎಂದು ಎರಡು ಸಲ ಕರೆದರೆ, "ಇಲ್ಲೇ ಚೆನ್ನಾಗಿದೆ" ಎಂದಳು. ಭಾನುವಾರ ಊರಿನಲ್ಲಿದ್ದ ತನ್ನ ಮಗಳಿಗೆ ಫೋನ್ ಮಾಡಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಆ ಕಡೆಯಿಂದ ಮೊದಲು ಜೋರಾಗಿ ಮಾತು ಬಂತು, ಆಮೇಲೆ ಏನೂ ಬರಲಿಲ್ಲ. ಗಿಣಿ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು, ಮಡಿಸಿದ ಟವೆಲುಗಳನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಅತ್ತೆಯ ತಲೆ ತೊಳೆದು, ಬಾಚಿ, ಎರಡೂ ಕೈಯ ಉಗುರು ಕತ್ತರಿಸಿದಳು. ಅತ್ತೆ ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡರು.

"ಊರಿಗೆ ಹೋಗಿ ಯಾರ ಜೊತೆ ಮಾತಾಡ್ತೀಯೇ ಈ ಮಾತು?"

"ಕೋಳಿಗಳ ಜೊತೆ ಅಜ್ಜಿ."

"ಬೈಯೋದು ಮರೀಬೇಡ."

"ನೀನು ನುಂಗೋದು ಮರೀಬೇಡ. ಎಡದವಡೆ."

ಆ ಹಿಡಿತ ಬಿಡಿಸಲು ಮೊಮ್ಮಗಳು ಬರಬೇಕಾಯಿತು.

ಟ್ಯಾಕ್ಸಿ ನಿಂತಿತ್ತು. ಏಜೆನ್ಸಿಯವನು ಮುಂದೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ. ದೊಡ್ಡ ಸೊಸೆ ಪೆಟ್ಟಿಗೆಯನ್ನು ತಾನೇ ಮೆಟ್ಟಿಲಿಳಿಸಿ ತಂದಳು. ಬೆನ್ನಲ್ಲಿ ಅಲ್ಲ, ಮಂಡಿಯಲ್ಲಿ ಎತ್ತಿ ತಂದಳು.

"ನನ್ನ ಮೇಲೆ ಕೋಪ ಇದ್ರೆ ಬೈದುಬಿಡು ಕಣೇ."

ಗಿಣಿ ಪೆಟ್ಟಿಗೆಯ ಹಿಡಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. "ಅವತ್ತು ಫೋನಲ್ಲಿ ಹೇಳಿದ್ದು ನಂಗೆ ಅರ್ಥ ಆಗುತ್ತೆ ಅಕ್ಕ. ಹೆದರಿಕೆ. ಆಫೀಸಲ್ಲಿ ಹೇಳಿದ್ದು ಅರ್ಥ ಆಗ್ತಿಲ್ಲ. ಆವಾಗ ನೀನು ಹೆದರಿರಲಿಲ್ಲ, ಯೋಚಿಸ್ತಿದ್ದೆ. ನಾನು ನೋಡ್ತಾ ಇದ್ದೆ."

ಟ್ಯಾಕ್ಸಿ ಹೊರಟಾಗ ಬೆಳಿಗ್ಗೆ ಎಂಟು ಇಪ್ಪತ್ತು.

ಹೊಸಬಳಿಗಾಗಿ ಅರ್ಜಿ ಅದೇ ವಾರ ಹೋಯಿತು. ಮಾಲೀಕರ ಮೇಲೆ ಯಾವ ತಪ್ಪೂ ದಾಖಲಾಗಿರಲಿಲ್ಲವಾದ್ದರಿಂದ ಬೇಗನೆ ಮಂಜೂರಾಯಿತು. ಅಷ್ಟು ದಿನ ಮೊಮ್ಮಗಳೂ ಓರಗಿತ್ತಿಯೂ ಹಗಲನ್ನು ಹಂಚಿಕೊಂಡು ಅತ್ತೆಯನ್ನು ನೋಡಿಕೊಂಡರು. ಒಂದು ಕೆಲಸ ಉಳಿದಿತ್ತು. ರೋಗಿಗೆ ಬುದ್ಧಿ ಸ್ವಾಧೀನದಲ್ಲಿದ್ದರೆ ಆಕೆಯ ಒಪ್ಪಿಗೆಯೂ ಬೇಕೆಂದು ಆ ವರ್ಷ ನಿಯಮ ಬದಲಾಗಿತ್ತು. ಇಲಾಖೆಯ ಗುಮಾಸ್ತ ಒಂದು ಬುಧವಾರ ಮಸಿಯ ಡಬ್ಬಿ ಹಿಡಿದುಕೊಂಡು ಮನೆಗೇ ಬಂದ. ಗಂಡ ಕುರ್ಚಿ ಹಾಕಿದ. ಮೈದುನನೂ ಬಂದಿದ್ದ. ದೊಡ್ಡ ಸೊಸೆ ಚಹಾ ತಂದಿಟ್ಟಳು.

"ಅಜ್ಜಿ, ನಿಮ್ಮ ಆರೈಕೆಗೆ ಹೊರದೇಶದಿಂದ ಒಬ್ಬರನ್ನ ಕರೆಸ್ತಿದಾರೆ. ಒಪ್ಪಿಗೆ ಇದ್ರೆ ಇಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿ."

ಅತ್ತೆ ಎಡಗೈಯನ್ನು ಹೊದಿಕೆಯ ಮೇಲೆ ಇಟ್ಟುಕೊಂಡಿದ್ದರು. ಮುಷ್ಟಿ ಮುಚ್ಚಿತ್ತು.

"ಇಲ್ಲ."

"ಅಮ್ಮಾ, ಏನಿದು?" ಎಂದ ದೊಡ್ಡ ಮಗ.

"ಮನೆಗೆ ಬಂದವಳ ಪರವಾಗಿ ಒಂದು ಮಾತು ಆಡೋಕೆ ಈ ಮನೇಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಇನ್ನೊಬ್ಬಳನ್ನ ಯಾರೋ ಹೆತ್ತಿರ್ತಾರೆ, ಅವಳನ್ನ ಇಲ್ಲಿಗೆ ಕರೆಸೋಕೆ ನನ್ನ ಬೆರಳು ಕೊಡಲ್ಲ."

"ಹಾಗಾದ್ರೆ ನಿನ್ನನ್ನ ನೋಡ್ಕೊಳ್ಳೋರು ಯಾರಮ್ಮ?" ಎಂದ ಚಿಕ್ಕ ಮಗ.

"ನೋಡ್ಕೊಳ್ಳಿ, ಇಲ್ಲಾ ಬಿಡಿ. ಸ್ವಾಮಿ, ನೀವು ಚಹಾ ಕುಡೀರಿ, ಆರಿಹೋಗುತ್ತೆ."

ಗಂಡ ಬಗ್ಗಿ ತಾಯಿಯ ಕೈ ಹಿಡಿಯಲು ಹೋದ. ದೊಡ್ಡ ಸೊಸೆ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಬೇಡ ರೀ" ಎಂದಳು. "ಅವರು ಇಲ್ಲ ಅಂದ್ರಲ್ಲ. ಅವರ ಹೇಳಿಕೆ ಅದು. ಹಾಗೇ ಬರ್ಕೊಳ್ಳಿ ಸರ್."

ಗುಮಾಸ್ತ 'ರೋಗಿಯ ಒಪ್ಪಿಗೆ ಇಲ್ಲ' ಎಂದು ಬರೆದು, ವೇಳೆ ಹಾಕಿ, ಮಾಲೀಕರು ಎಂದಿದ್ದ ಕಡೆ ಅವಳ ಸಹಿ ತೆಗೆದುಕೊಂಡ.

ಅತ್ತೆಯನ್ನು ಯಾರು ಎತ್ತುವುದೆಂದು ಅಣ್ಣ ತಮ್ಮ ಎರಡು ವಾರ ಚರ್ಚೆ ಮಾಡಿದರು. ತಿಂಗಳ ಕೊನೆಯ ಶನಿವಾರ ದೊಡ್ಡ ಸೊಸೆ ಕ್ಲಿನಿಕ್ಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಸೋಮವಾರ ಕ್ಲಿನಿಕ್ಕಿನಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಳು.